ಒಂಬತ್ತು ತಟ್ಟೆ

ಬಿಟಿಎಂ ಲೇಔಟ್ ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ ಮೂರು ಪಿಜಿಗಳಿಗೆ ಒಟ್ಟಿಗೆ ಅಡುಗೆ ಮಾಡಿ ಬಡಿಸುವ ಮೆಸ್ ಇದೆ. ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿ ಊಟ ಶುರು. ಅಡುಗೆಯವರ ಹೆಸರು ಮಹೇಶ್, ವಯಸ್ಸು ನಲವತ್ತೆರಡು. ಜನ ಕೂತು ಕಾಲು ಗಂಟೆಯಾದ ಮೇಲೆ ಅವರು ಸೌಟು ಕೆಳಗಿಟ್ಟು, ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡು ಹಾಲ್‌ನ ಬಾಗಿಲಿಗೆ ಬರುತ್ತಾರೆ. ಅಲ್ಲೇ ನಿಂತು ಕೂತವರ ತಲೆ ಎಣಿಸುತ್ತಾರೆ. ತುಟಿ ಮಾತ್ರ ಅಲುಗುತ್ತದೆ. ಎಣಿಸಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಣಿಸುತ್ತಾರೆ.

ಮೆಸ್ ನಡೆಸುವ ಗುಂಡಣ್ಣನಿಗೆ ಇದು ದಿನದ ತಮಾಷೆ.

"ಏನ್ ಮಹೇಶಣ್ಣ, ಹಾಜರಿ ತಗೊಂಡ್ರಾ? ಯಾರ್ಯಾರು ಆಬ್ಸೆಂಟು?"

"ಎಪ್ಪತ್ತೊಂದು ಜನ ಇದಾರೆ."

"ತಟ್ಟೆ ಎಣಿಸಿದ್ರೆ ಸಾಕಲ್ವಾ? ತಟ್ಟೆ ಲೆಕ್ಕ ನಂಗೆ ಕಲಿಸಿದ್ದೇ ನೀವು, ಮರ್ತೋಯ್ತಾ ಗುರುವೇ?"

"ತಟ್ಟೆ ನೀವು ಎಣಿಸ್ಕೊಳಿ," ಎಂದು ಮಹೇಶ್ ಒಳಗೆ ಹೋಗುತ್ತಾರೆ.

ಗುಂಡಣ್ಣ ಹೇಳುವುದು ಸುಳ್ಳಲ್ಲ. ಮಹೇಶ್ ಹದಿನೈದು ವರ್ಷ ಬಿಟಿಎಂನ ಮೆಸ್‌ಗಳಲ್ಲಿ ಕೆಲಸ ಮಾಡಿದವರು. ಊಟ ಮಾಡುವವರು ಬರುತ್ತಾರೆ, ಏಳುತ್ತಾರೆ, ಮೊಬೈಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ತಲೆ ಎಣಿಸುವುದು ಆಗದ ಕೆಲಸ. ತಟ್ಟೆ ಹಾಗಲ್ಲ. ಉಂಡವರ ತಟ್ಟೆ ತೊಳೆಯುವ ತೊಟ್ಟಿಗೆ ಬಂದೇ ಬರುತ್ತದೆ. ತೊಟ್ಟಿಯಲ್ಲಿ ಎಷ್ಟು ತಟ್ಟೆಯೋ ಅಷ್ಟು ಜನ. ಈ ಲೆಕ್ಕ ಅವರಿಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಅದನ್ನೇ ಅವರು ಸಮುದ್ರಕ್ಕೂ ತೆಗೆದುಕೊಂಡು ಹೋದರು.

ಮಹೇಶ್ ಹುಟ್ಟಿ ಬೆಳೆದದ್ದು ಹುಳಿಮಾವಿನಲ್ಲಿ. ತಂದೆ ಚಿನ್ನಪ್ಪ ಗಾರೆ ಕೆಲಸ ಮಾಡುತ್ತಿದ್ದರು. ಈಗಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಬುದ್ಧನ ಪಟವಿದೆ, ಅದರ ಪಕ್ಕದಲ್ಲಿ ಚಿನ್ನಪ್ಪನವರ ಫೋಟೊ. ಹುಳಿಮಾವು ಕೆರೆಗಿಂತ ದೊಡ್ಡ ನೀರನ್ನು ಮಹೇಶ್ ಮೂವತ್ತೇಳು ವರ್ಷದವರೆಗೆ ನೋಡಿರಲಿಲ್ಲ. ಈಜು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಕೊರೊನಾ ಬಂದು ಪಿಜಿಗಳು ಖಾಲಿಯಾದಾಗ ಮೆಸ್ ಮುಚ್ಚಿತು. ಕೊಲ್ಲಿ ದೇಶದ ಬೋಟುಗಳಿಗೆ ಅಡುಗೆಯವರು ಬೇಕೆಂದು ಏಜೆಂಟ್ ಒಬ್ಬ ಹೇಳಿದ. ಮುಂಬೈಯಲ್ಲಿ ಆರು ದಿನ ಸುರಕ್ಷತಾ ತರಬೇತಿ, ಆಮೇಲೆ ವಿಮಾನ. ಹೆಂಡತಿ ವನಿತಾ ಆಗಲೂ ಈಗಲೂ ಬನ್ನೇರುಘಟ್ಟ ರಸ್ತೆಯ ಆಚೆಗಿನ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಕೆಲಸದಲ್ಲಿದ್ದಾರೆ. ಹೊಲಿದ ಅಂಗಿಯಲ್ಲಿ ತಪ್ಪಿದ ಹೊಲಿಗೆ ಹುಡುಕುವ ಕೆಲಸ.

ಬೋಟಿನ ಹೆಸರು ನಜ್ಮಾ-4. ಅಗಲವಾದ, ಚಪ್ಪಟೆ ತಳದ ಸರಕು ಬೋಟು. ಮೂತಿಯಲ್ಲಿ ದೊಡ್ಡ ಕಬ್ಬಿಣದ ಬಾಗಿಲು. ಬಂದರಿಲ್ಲದ ಕಡೆಯಲ್ಲಿಯೂ ನೇರ ಮರಳಿಗೆ ತಾಗಿ ನಿಂತು, ಬಾಗಿಲು ಕೆಡವಿ ಸರಕು ಇಳಿಸಬಹುದು. ಹಿಂಭಾಗದಲ್ಲಿ ಎಂಜಿನ್, ಅದರ ಮೇಲೆ ಮಲಗುವ ಕೋಣೆಗಳು ಮತ್ತು ಅಡುಗೆಕೋಣೆ. ನಡುವೆ ಉದ್ದಕ್ಕೂ ಸರಕಿನ ಜಾಗ. ಮೊದಲ ಎರಡು ವರ್ಷ ಅದು ತೈಲಬಾವಿಗಳಿಗೆ ಪೈಪು, ಸಿಮೆಂಟು ಸಾಗಿಸಿತು. ಮೂರನೇ ವರ್ಷ ಕಂಪನಿ ಅದನ್ನು ಒಂದು ಸೈನ್ಯಕ್ಕೆ ಬಾಡಿಗೆಗೆ ಕೊಟ್ಟಿತು.

ಕೆಂಪು ಸಮುದ್ರದ ಆಚೆ ದಡದಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲೊಂದು ಸಣ್ಣ ದ್ವೀಪ. ಅದರ ಹೆಸರು ಹೇಳಲು ಮಹೇಶ್‌ಗೆ ಇಷ್ಟವಿಲ್ಲ. ಮರ ಇಲ್ಲ, ಬಾವಿ ಇಲ್ಲ, ನಾನೂರು ಸೈನಿಕರಿದ್ದರು. ಯುದ್ಧನೌಕೆಗಳು ಅಷ್ಟು ಆಳವಿಲ್ಲದ ನೀರಿಗೆ ಬರಲಾರವು. ಹಾಗಾಗಿ ಸೈನಿಕರ ಅಕ್ಕಿ, ಈರುಳ್ಳಿ, ಡೀಸೆಲ್, ಟೆಂಟು, ಕುಡಿಯುವ ನೀರು ಎಲ್ಲವೂ ನಜ್ಮಾದಂಥ ಬೋಟುಗಳಲ್ಲಿ ಹೋಗುತ್ತಿದ್ದವು. ನೌಕರರ ಒಪ್ಪಂದದಲ್ಲಿ ಇದ್ದದ್ದು ‘ಕರಾವಳಿ ಸರಕು ಸಾಗಣೆ’ ಎಂದಷ್ಟೆ. ಕ್ಯಾಪ್ಟನ್ ಈಜಿಪ್ಟಿನವರು. ಡೆಕ್ ಮೇಲೆ ಬಾಂಗ್ಲಾದೇಶದವರು, ಎಂಜಿನ್ನಿನಲ್ಲಿ ಫಿಲಿಪ್ಪೀನ್ಸಿನವರು. ಯಾರ ಬಳಿಯೂ ಬಂದೂಕಿರಲಿಲ್ಲ, ಸಮವಸ್ತ್ರವಿರಲಿಲ್ಲ. ನೀರಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೆಟ್ ಇತ್ತು.

ಮೂರು ದಿನಕ್ಕೊಂದು ಸಲ ಬೆಳಗಿನ ಜಾವ ಹೊರಟರೆ ಮಧ್ಯಾಹ್ನ ಒಂದಕ್ಕೆ ದ್ವೀಪ. ಬಾಗಿಲು ಮರಳಿಗೆ ಬಿದ್ದ ಕೂಡಲೇ ಸೈನಿಕರು ಓಡಿ ಬರುತ್ತಿದ್ದರು. ಅವರಲ್ಲೊಬ್ಬ ಗಡ್ಡದವನು ಪ್ರತಿ ಸಲ ಅಡುಗೆಕೋಣೆಯ ಕಿಟಕಿಗೆ ಬಂದು ಕೈಸನ್ನೆಯಲ್ಲಿ ಹಸಿಮೆಣಸಿನಕಾಯಿ ಕೇಳುತ್ತಿದ್ದ. ಮಹೇಶ್ ಅವನಿಗೆಂದೇ ಒಂದು ಪೊಟ್ಟಣ ಕಟ್ಟಿಟ್ಟಿರುತ್ತಿದ್ದರು. ಆ ಯುದ್ಧದಲ್ಲಿ ಯಾರು ಯಾರ ಮೇಲೆ, ಏಕೆ ಎಂಬುದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ನಾನೂರು ಜನರಿಗೆ ವಾರಕ್ಕೆ ಎಷ್ಟು ಈರುಳ್ಳಿ ಬೇಕು ಎಂಬುದು ಗೊತ್ತಿತ್ತು.

ಬೋಟಿನಲ್ಲಿ ಅರವತ್ತು ಟನ್ ಸಿಹಿನೀರು ಇರುತ್ತಿತ್ತು, ಆದರೆ ಅದು ಸೈನಿಕರದ್ದು. ಬೋಟಿನವರಿಗೆ ದಿನಕ್ಕೆ ಅಳತೆಯ ನೀರು. ಆದ್ದರಿಂದ ಮಹೇಶ್ ನಿಯಮ ಮಾಡಿದ್ದರು: ಒಬ್ಬರಿಗೆ ಒಂದು ಊಟಕ್ಕೆ ಒಂದೇ ತಟ್ಟೆ; ಉಂಡವರು ತಂದು ತೊಟ್ಟಿಗೆ ಹಾಕಬೇಕು; ಎಲ್ಲ ಬಂದ ಮೇಲೆ ಒಟ್ಟಿಗೆ ಸಮುದ್ರದ ನೀರಲ್ಲಿ ಉಜ್ಜಿ, ಕೊನೆಗೆ ಅರ್ಧ ಬಕೆಟ್ ಸಿಹಿನೀರಲ್ಲಿ ಅದ್ದುವುದು. ತೊಟ್ಟಿ ತುಂಬಿತೇ ಎಂದು ನೋಡಲು ಅವರು ತಟ್ಟೆ ಎಣಿಸುತ್ತಿದ್ದರು. ಬೋಟಿನಲ್ಲಿ ಯಾರು ಎಲ್ಲಿದ್ದಾರೆ, ಯಾರಿಗೆ ಜ್ವರ, ಯಾರು ಮುನಿಸಿಕೊಂಡು ಊಟ ಬಿಟ್ಟಿದ್ದಾರೆ ಎಂಬುದೆಲ್ಲ ಕ್ಯಾಪ್ಟನ್ನಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

ರಜೆಗೆ ಬಂದಿದ್ದಾಗ ಒಂದು ದಿನ ಅವರ ಸ್ಕೂಟರ್ ಕನಕಪುರ ರಸ್ತೆಯಲ್ಲಿ ಕೆಟ್ಟು ನಿಂತಿತು. ರಿಪೇರಿ ಮಾಡಿದವನು ಶರಣ್, ವಸಂತಪುರದವನು, ಇಪ್ಪತ್ತಾರು ವರ್ಷ. ಆ ಮನೆತನಕ್ಕೆ ಹಿಂದೆ ಉತ್ತರಹಳ್ಳಿಯ ಕಡೆ ಹೊಲವಿತ್ತು. ಅದು ಬಡಾವಣೆಯಾಗಿ ಈಗ ಎರಡು ಬಾಡಿಗೆ ಮನೆಗಳು ಉಳಿದಿವೆ. ತಂದೆ ಇಲ್ಲ, ತಾಯಿ ಕಮಲಾದೇವಿ, ಅಕ್ಕ ಅರ್ಪಿತ. ಊಟಕ್ಕೆ ತೊಂದರೆ ಇರಲಿಲ್ಲ. ಶರಣ್‌ಗೆ ಬೇಕಿದ್ದದ್ದು ದೊಡ್ಡ ಎಂಜಿನ್.

"ಅಣ್ಣ, ಬೋಟಿನ ಎಂಜಿನ್ ಎಷ್ಟು ದೊಡ್ಡದಿರುತ್ತೆ?" ಎಂದು ಕೇಳಿದ್ದ.

"ಈ ನಿನ್ನ ಗ್ಯಾರೇಜ್ ಇದ್ಯಲ್ಲ, ಇಷ್ಟು."

"ಸುಮ್ನೆ ಓಳು ಬಿಡ್ಬೇಡಿ ಅಣ್ಣ."

"ಬಂದು ನೋಡು ಮಗಾ."

ಆ ಮಾತನ್ನು ಮಹೇಶ್ ಈಗ ನೆನೆಯುವಾಗ ತಲೆ ತಗ್ಗಿಸುತ್ತಾರೆ. ಐದು ತಿಂಗಳ ನಂತರ ಅದೇ ಏಜೆಂಟ್ ಮೂಲಕ ಶರಣ್ ಅದೇ ಕಂಪನಿಯ ನಜ್ಮಾ-2 ಬೋಟಿಗೆ ಎಂಜಿನ್ ಕೆಲಸಕ್ಕೆ ಸೇರಿದ.

ಹೊರಡುವ ಮುಂಚೆ ಕಮಲಾದೇವಿ ಮಗನನ್ನು ವಸಂತಪುರದ ಗುಡ್ಡದ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅವರು ಮದುವೆಯಾದಾಗಿನಿಂದ ಶನಿವಾರ ಒಪ್ಪತ್ತು ಇರುವವರು. ಹಗಲಿಡೀ ಏನೂ ತಿನ್ನುವುದಿಲ್ಲ, ರಾತ್ರಿ ದೀಪ ಹಚ್ಚಿದ ಮೇಲೆ ಊಟ. ನೀರಿನ ಮೇಲೆ ಇರುವಷ್ಟು ದಿನ ನೀನೂ ಶನಿವಾರ ಬಿಡಬೇಡ, ದೇವರು ಕಾಪಾಡುತ್ತಾನೆ ಎಂದು ಮಗನಿಂದ ಅಲ್ಲಿ ಮಾತು ತೆಗೆದುಕೊಂಡರು. ಆಗ ಮತ್ತೆ ರಜೆಗೆ ಬಂದಿದ್ದ ಮಹೇಶ್ ಕೂಡ ಜೊತೆಗಿದ್ದರು, ಮೆಟ್ಟಿಲ ಕೆಳಗೆ ಚಪ್ಪಲಿ ಕಾಯುತ್ತಾ.

ನಜ್ಮಾ-2 ರಿಪೇರಿಗೆ ನಿಂತಾಗ ಶರಣ್‌ನನ್ನು ನಜ್ಮಾ-4ಕ್ಕೆ ಕಳಿಸಿದರು. ಎರಡು ವಾರದ ಮಟ್ಟಿಗೆ, ಹೆಚ್ಚುವರಿ ಕೈಯಾಗಿ. ನಜ್ಮಾ-4ರ ನೌಕರರ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದವು. ಹತ್ತನೆಯದನ್ನು ಯಾರೂ ಸೇರಿಸಲಿಲ್ಲ. ಎರಡು ವಾರ ತಾನೆ ಎಂದುಕೊಂಡರು.

ಮೊದಲ ಶನಿವಾರವೇ ಮಹೇಶ್ ಅವನನ್ನು ಕಾಡಿದ್ದರು.

"ಸಮುದ್ರದಲ್ಲಿ ಶನಿವಾರ ಯಾವ್ದು, ಭಾನುವಾರ ಯಾವ್ದು ಮಗಾ? ಯಾರ್ ನೋಡ್ತಾರೆ? ಮೀನು ಸಾರು ಸಖತ್ತಾಗಿದೆ ಇವತ್ತು."

"ಅಮ್ಮ ಫೋನ್ ಮಾಡಿ ಕೇಳ್ತಾರೆ ಅಣ್ಣ. ಸುಳ್ ಹೇಳಿದ್ರೆ ಧ್ವನಿಲೇ ಹಿಡೀತಾರೆ."

ಊಟದ ಹೊತ್ತಿಗೆ ಸಾರಿನ ವಾಸನೆ ತಾಗಬಾರದೆಂದು ಅವನು ಬೋಟಿನ ಇನ್ನೊಂದು ತುದಿಗೆ, ಮೂತಿಯ ಬಾಗಿಲ ಹತ್ತಿರ ಹೋಗಿ ಕೂತ.

ಅವನ ಎರಡನೆಯ ಶನಿವಾರ ಬಂದದ್ದು ಮಾರ್ಚ್ ತಿಂಗಳಲ್ಲಿ. ನಜ್ಮಾ-4 ನೀರು ಮತ್ತು ಡೀಸೆಲ್ ತುಂಬಿಕೊಂಡು ಹೊರಟಿತ್ತು. ಹನ್ನೊಂದು ಗಂಟೆಗೆ ಮಹೇಶ್ ಮೂತಿಯ ಕಡೆ ಹೋಗಿ ಶರಣ್‌ಗೆ ಒಂದು ಲೋಟ ನಿಂಬೆಹಣ್ಣಿನ ನೀರು ಕೊಟ್ಟು ಬಂದರು. ಅವನು ನೀರಿನ ಟ್ಯಾಂಕಿನ ನೆರಳಲ್ಲಿ ಕಾಲು ಚಾಚಿ ಕೂತಿದ್ದ. ಹನ್ನೆರಡಕ್ಕೆ ಹಿಂಭಾಗದಲ್ಲಿ ಊಟವಾಯಿತು. ಹನ್ನೆರಡೂ ನಲವತ್ತಕ್ಕೆ ಮಹೇಶ್ ತಟ್ಟೆ ಎಣಿಸಿದರು, ತಮ್ಮದೂ ಸೇರಿ ಒಂಬತ್ತು. ಸಮುದ್ರದ ನೀರು ಸುರಿದು ಮೊದಲ ತಟ್ಟೆಗೆ ಕೈ ಹಾಕಿದರು.

ಡ್ರೋನ್ ಬಿದ್ದದ್ದು ನಡುವಿನ ಡೀಸೆಲ್ ಪೀಪಾಯಿಗಳ ಮೇಲೆ. ಬೋಟು ನಡುವಿನಿಂದ ಹತ್ತಿಕೊಂಡಿತು. ಹಿಂಭಾಗದಲ್ಲಿದ್ದವರು ಹಿಂದಿನಿಂದ ನೀರಿಗೆ ಹಾರಿದರು, ಕೆಲವರು ಎಸೆಯಲ್ಪಟ್ಟರು. ಬೋಟಿನ ಮುಂದಿನ ಅರ್ಧ ಕಪ್ಪು ಹೊಗೆಯ ಆಚೆ ಇತ್ತು. ದ್ವೀಪದ ಕಡೆಯಿಂದ ಸೈನ್ಯದ ಸಣ್ಣ ವೇಗದ ಬೋಟು ಕಾಲು ಗಂಟೆಯಲ್ಲಿ ಬಂತು. ಮೊದಲು ಎತ್ತಿಕೊಂಡದ್ದು ಮಹೇಶ್‌ರನ್ನು. ಅಧಿಕಾರಿಯೊಬ್ಬ ಅವರ ಜಾಕೆಟ್ಟಿನ ಕಾಲರ್ ಹಿಡಿದು ಇಂಗ್ಲಿಷಿನಲ್ಲಿ ಕೂಗಿದ: ಎಷ್ಟು ಜನ? ಒಟ್ಟು ಎಷ್ಟು ಜನ?

"ನೈನ್," ಎಂದರು ಮಹೇಶ್.

ಅವರ ಕಣ್ಣ ಮುಂದೆ ಇದ್ದದ್ದು ತೊಟ್ಟಿ. ಅಧಿಕಾರಿ ಬೆರಳುಗಳನ್ನು ಎತ್ತಿ ತೋರಿಸಿ ಮತ್ತೆ ಕೇಳಿದ. ಮಹೇಶ್ ಮತ್ತೆ ಹೌದೆಂದರು. ಅವನು ಅದನ್ನು ಬರೆದುಕೊಂಡ. ಒಬ್ಬೊಬ್ಬರನ್ನೇ ಎತ್ತಿದರು. ಮೂವರಿಗೆ ಎಚ್ಚರವಿರಲಿಲ್ಲ, ಉಳಿದವರಿಗೆ ಹೊಗೆಯಿಂದ ಕಣ್ಣು ಬಿಡಲಾಗುತ್ತಿರಲಿಲ್ಲ. ಒಂಬತ್ತನೆಯವನು ಹತ್ತಿದ ಕೂಡಲೇ ಬೋಟು ತಿರುಗಿತು. ಆಕಾಶದಲ್ಲಿ ಇನ್ನೊಂದು ಡ್ರೋನ್ ಇತ್ತು.

ಬೋಟು ತಿರುಗಿ ಇಪ್ಪತ್ತು ನಿಮಿಷವಾಗಿತ್ತು. ಪಕ್ಕದಲ್ಲಿ ಮಲಗಿದ್ದ ಬಾಂಗ್ಲಾದೇಶದ ಡೆಕ್ ಕೆಲಸಗಾರ ಕಣ್ಣು ಒರೆಸಿಕೊಂಡು ಸುತ್ತ ನೋಡಿ, ನಿಮ್ಮೂರಿನವನು ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ.

ಮಹೇಶ್ ಅಧಿಕಾರಿಯ ಕಾಲು ಹಿಡಿದರು. ಹತ್ತು, ಹತ್ತು ಎಂದು ಕೂಗಿದರು. ಅಧಿಕಾರಿ ವೈರ್‌ಲೆಸ್‌ನಲ್ಲಿ ಏನೋ ಮಾತಾಡಿ, ಹಿಂದಿರುಗುವಂತಿಲ್ಲ ಎಂದು ತಲೆಯಾಡಿಸಿದ. ಬರೆದುಕೊಂಡದ್ದನ್ನು ತಿದ್ದಲಿಲ್ಲ.

ಸೈನ್ಯದ ಆ ಬೋಟಿನ ಲಾಗ್ ಪುಸ್ತಕದಲ್ಲಿ ಹೀಗಿದೆ: ‘ಬೋಟಿನಲ್ಲಿದ್ದವರು ಒಂಬತ್ತು, ಅಡುಗೆಯವನ ಹೇಳಿಕೆಯಂತೆ. ರಕ್ಷಿಸಿದ್ದು ಒಂಬತ್ತು.’ ನೌಕರರ ಪಟ್ಟಿಯಲ್ಲೂ ಒಂಬತ್ತು. ಎರಡೂ ಸರಿಹೊಂದಿದವು. ಶರಣ್ ನಜ್ಮಾ-2ರಿಂದ ಬಂದರಿನಲ್ಲಿ ಹೇಳದೆ ಇಳಿದು ಹೋದ ಎಂದು ಕಂಪನಿ ಮನೆಗೆ ಪತ್ರ ಬರೆಯಿತು. ಕ್ಯಾಪ್ಟನ್ ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಉಳಿದವರು ಬೇರೆ ಬೇರೆ ಬೋಟುಗಳಿಗೆ ಚದುರಿದರು. ಹತ್ತು ಜನರಿದ್ದರು ಎಂದು ಇಬ್ಬರು ಮೊದಲು ಫೋನಿನಲ್ಲಿ ಒಪ್ಪಿಕೊಂಡರು. ಬರೆದುಕೊಡಿ ಎಂದು ಮಹೇಶ್ ಕೇಳಿದ ಮೇಲೆ ಫೋನ್ ಎತ್ತುವುದನ್ನು ಬಿಟ್ಟರು.

ಏಪ್ರಿಲ್‌ನಲ್ಲಿ ಮಹೇಶ್ ಊರಿಗೆ ಬಂದರು. ಎಡಗೈಯಲ್ಲಿ ಸುಟ್ಟ ಗಾಯ ಇನ್ನೂ ಹಸಿಯಿತ್ತು. ಮಾರನೆಯ ದಿನವೇ ವನಿತಾರನ್ನು ಕರೆದುಕೊಂಡು ವಸಂತಪುರಕ್ಕೆ ಹೋದರು. ಕಮಲಾದೇವಿ ಬಾಗಿಲಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಕಂಪನಿಯ ಪತ್ರ.

"ಬಾ ಮಹೇಶ. ಅದೇನ್ ಅವ್ನು ಹೀಗ್ ಮಾಡ್ದ? ಇಳಿದು ಎಲ್ ಹೋದ ಅಂತೆ? ನಿಂಗೇನಾದ್ರೂ ಹೇಳಿದ್ನಾ?"

"ಇಳಿದು ಹೋಗ್ಲಿಲ್ಲಮ್ಮ. ನಮ್ ಬೋಟಲ್ಲೇ ಇದ್ದ."

"ಇದ್ದಿದ್ರೆ ನೀನು ಒಂಬತ್ತು ಅಂತ ಯಾಕ್ ಹೇಳ್ತಿದ್ದೆ?"

ಕಂಪನಿ ಪತ್ರದ ಜೊತೆ ಲಾಗ್ ಪುಸ್ತಕದ ಆ ಸಾಲಿನ ಪ್ರತಿ ಕಳಿಸಿತ್ತು. ಅರ್ಪಿತ ಅದನ್ನು ತಾಯಿಗೆ ಓದಿ ಹೇಳಿದ್ದರು.

"ತಪ್ಪಾಯ್ತಮ್ಮ. ಎಣಿಸೋದ್ರಲ್ಲಿ ತಪ್ಪಾಯ್ತು."

ಕಮಲಾದೇವಿ ನಕ್ಕರು. "ನೀನಾ? ಅವ್ನು ಫೋನಲ್ಲಿ ಹೇಳ್ತಿದ್ದ, ಮಹೇಶಣ್ಣಂಗೆ ಒಂದು ತಟ್ಟೆ ಹೆಚ್ಚು ಕಮ್ಮಿ ಆದ್ರೂ ಗೊತ್ತಾಗುತ್ತೆ ಅಂತ. ಊಟ ಹಾಕೋನು ಯಾರನ್ನೂ ಮರೆಯಲ್ಲ. ನೀನು ಒಂಬತ್ತು ಅಂದ್ಯಲ್ಲ, ಅವ್ನು ಅಲ್ಲಿರ್ಲಿಲ್ಲ. ಎಲ್ಲೋ ಇದಾನೆ. ಬೈತೀನಿ ಅಂತ ಹೆದರ್ಕೊಂಡಿದಾನೆ."

ಮಹೇಶ್ ಬಾಯಿ ತೆರೆದರು. ಅಂದು ಶನಿವಾರವಾಗಿತ್ತು, ಅವನು ಉಂಡಿರಲಿಲ್ಲ ಎಂದು ಹೇಳಿದರೆ ಮುಗಿಯುತ್ತಿತ್ತು. ಹಾಗೆ ಹೇಳಿದರೆ ಅದು ಯಾರ ಮೇಲೆ ಬೀಳುತ್ತದೆ ಎಂಬುದು ಅಷ್ಟರಲ್ಲಿ ಹೊಳೆಯಿತು. ಅವರು ವಸಂತಪುರಕ್ಕೆ ಹೋದ ಈ ದಿನವೂ ಶನಿವಾರವೇ. ಕಮಲಾದೇವಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ವನಿತಾಗೆ, ಮಹೇಶ್‌ಗೆ ಕಾಫಿ ಕೊಟ್ಟರು.

ದಾರಿಯಲ್ಲಿ ವನಿತಾ ಕೇಳಿದರು. "ಯಾಕ್ರೀ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ನಿಮ್ ವ್ರತ ಮಾಡಿದ್ದಕ್ಕೇ ನಿಮ್ ಮಗ ಲೆಕ್ಕ ತಪ್ಪಿದ ಅಂತನಾ?"

"ಲೆಕ್ಕ ತಪ್ಪಿಸಿದ್ದು ನೀವು. ಅವ್ರಲ್ಲ."

"ನಂಗೊತ್ತು."

"ಗೊತ್ತಿದ್ರೆ ಸರಿ ಮಾಡಿ. ಹೊಲಿಗೆ ತಪ್ಪಿದ್ರೆ ಬಿಚ್ಚಿ ಹಾಕ್ತೀವಿ ನಾವು. ಮೇಲೆ ಇಸ್ತ್ರಿ ಮಾಡಿ ಕಳಿಸಲ್ಲ."

ಅಲ್ಲಿಂದ ಮಹೇಶ್ ಒಂದೇ ಕೆಲಸಕ್ಕೆ ನಿಂತರು. ಒಂಬತ್ತನ್ನು ಹತ್ತು ಮಾಡಿಸುವುದು. ಪರಿಹಾರದ ಪ್ರಶ್ನೆ ಇರಲಿಲ್ಲ. ಆ ಮನೆಯವರು ಅದನ್ನು ಕೇಳಲೇ ಇಲ್ಲ. ಶರಣ್ ಆ ಬೋಟಿನಲ್ಲಿದ್ದ ಎಂದು ಒಂದು ಕಾಗದದಲ್ಲಿ ಬರೆಯಬೇಕಿತ್ತು, ಅಷ್ಟೆ. ಅವನು ಯಾರನ್ನೂ ಬಿಟ್ಟು ಓಡಿಹೋದವನಲ್ಲ ಎಂದು. ಅದಾಗದಿದ್ದರೆ ಅವನನ್ನು ಸತ್ತವನೆಂದು ಯಾರೂ ಕರೆಯುವಂತಿಲ್ಲ, ಹುಡುಕುವವರೂ ಇಲ್ಲ.

ಹಡಗು ನೌಕರರ ವಿಷಯ ನೋಡುವ ಮುಂಬೈ ಕಚೇರಿಗೆ ಮೊದಲ ಅರ್ಜಿ ಹೋಯಿತು. ತಾಯಿಯ ಸಹಿಯಿಲ್ಲದ ಅರ್ಜಿ ನಡೆಯುವುದಿಲ್ಲ ಎಂದು ವಾಪಸ್ ಬಂತು. ಕಮಲಾದೇವಿ ಸಹಿ ಹಾಕಲು ಒಪ್ಪಲಿಲ್ಲ. ಬದುಕಿರುವ ಮಗನನ್ನು ಸುಟ್ಟ ಬೋಟಿಗೆ ಹತ್ತಿಸುವುದೇಕೆ ಎಂದರು. ಒಂದು ವರ್ಷ ಹಾಗೇ ಹೋಯಿತು. ಮಹೇಶ್ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದರು. ಹೋದಾಗಲೆಲ್ಲ ಕಮಲಾದೇವಿ ಬಂದರಿನ ಊರು ಹೇಗಿದೆ, ಅಲ್ಲಿ ಗ್ಯಾರೇಜುಗಳಿವೆಯೆ, ಕನ್ನಡದವರು ಸಿಗುತ್ತಾರೆಯೆ ಎಂದು ಕೇಳುತ್ತಿದ್ದರು. ಮಹೇಶ್ ಗ್ಯಾರೇಜುಗಳಿವೆ ಎನ್ನುತ್ತಿದ್ದರು. ಇದ್ದದ್ದು ನಿಜ.

ಎರಡನೇ ವರ್ಷ ಅರ್ಪಿತ ಒಂದು ದಾರಿ ಹೇಳಿದರು. ಅವರು ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಅರ್ಜಿಗಳ ಭಾಷೆ ಅವರಿಗೆ ಪರಿಚಯ. "ಪಟ್ಟಿಲಿ ಹೆಸರಿಲ್ದಿದ್ರೆ ಹುಡ್ಕೋಕೆ ಯಾರೂ ಬರಲ್ಲಮ್ಮ. ಹೆಸರು ಸೇರಿದ್ರೆ ಸರ್ಕಾರದೋರು ಕೇಳ್ತಾರೆ, ಈ ಮನುಷ್ಯ ಎಲ್ಲಿ ಅಂತ," ಎಂದು ತಾಯಿಗೆ ಹೇಳಿದರು. ಅದು ಸುಳ್ಳಾಗಿರಲಿಲ್ಲ. ಕಮಲಾದೇವಿ ಒಪ್ಪಿದರು. ಹುಡುಕುತ್ತಾರೆ ಎಂಬ ಮಾತಿಗೆ ಒಪ್ಪಿದರು.

ಕಚೇರಿ ಈ ಸಲ ಇನ್ನೊಂದು ಕೇಳಿತ್ತು. ಅಂದು ಒಂಬತ್ತು ಎಂದವರು ಈಗ ಹತ್ತು ಎನ್ನಲು ಕಾರಣವನ್ನು ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅದರ ಕೆಳಗೆ ತಾಯಿಯೂ ಸಹಿ ಮಾಡಬೇಕು. ‘ಎಣಿಕೆಯಲ್ಲಿ ತಪ್ಪಾಯಿತು’ ಎಂದರೆ ಸಾಲದು. ಮಹೇಶ್ ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಐದನೇ ದಿನ ಅರ್ಪಿತರ ಅಂಗಡಿಗೆ ಹೋಗಿ, ಏಳನೇ ಪ್ಯಾರಾದಲ್ಲಿ ಎಲ್ಲವನ್ನೂ ಬರೆಸಿದರು. ಇಂಗ್ಲಿಷಿನಲ್ಲಿ ಬರೆಸಿದರು. ಕಮಲಾದೇವಿಗೆ ಇಂಗ್ಲಿಷ್ ಬರುವುದಿಲ್ಲ. ಟೈಪ್ ಮಾಡುತ್ತಿದ್ದ ಅರ್ಪಿತ ಏಳನೇ ಪ್ಯಾರಾ ಮುಗಿಸಿ, ಎದ್ದು ಹೋಗಿ ಸ್ವಲ್ಪ ಹೊತ್ತು ಹೊರಗೆ ನಿಂತಿದ್ದರು. ಬಂದು ಪ್ರಿಂಟ್ ಕೊಟ್ಟರು.

"ಅಮ್ಮಂಗೆ ಹೇಳ್ಬೇಡಿ ಅಣ್ಣ," ಎಂದರು. "ಸಹಿ ಹಾಕಿಸ್ಬಿಡೋಣ."

ನೋಟರಿ ಗಂಗಯ್ಯ ಜಯನಗರ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ ಕೂರುತ್ತಾರೆ. ಒಂದು ಮರದ ಮೇಜು, ಮೇಲೆ ನೀಲಿ ಟಾರ್ಪಾಲು. ಅಲ್ಲಿ ಕೂರುವ ಬೇರೆಯವರು ಕೂಡಲೇ ಸೀಲ್ ಹಾಕಿ ಕಳಿಸುತ್ತಾರೆ. ಗಂಗಯ್ಯನವರ ಬಳಿ ಜನ ಕಡಿಮೆ. ಬಾಡಿಗೆ ಕರಾರನ್ನೂ ಅವರು ಮೊದಲಿನಿಂದ ಕೊನೆವರೆಗೆ ಓದುತ್ತಾರೆ. ಇದು ಮಹೇಶ್‌ಗಾಗಲಿ ಅರ್ಪಿತಗಾಗಲಿ ಗೊತ್ತಿರಲಿಲ್ಲ. ಮೇಜು ಖಾಲಿಯಿದೆ ಎಂದು ಅಲ್ಲಿಗೆ ಹೋದರು.

"ಕೂತ್ಕೊಳಿ ಅಮ್ಮ. ಓದಿದೀರಾ ಇದನ್ನ?" ಎಂದು ಗಂಗಯ್ಯ ಕನ್ನಡಕ ಹಾಕಿಕೊಂಡರು.

"ನಂಗ್ ಇಂಗ್ಲಿಷ್ ಬರಲ್ಲ ಸಾಮಿ."

"ಸಾರ್, ನಾವ್ ಹೇಳಿದೀವಿ ಎಲ್ಲ. ಸೀಲ್ ಹಾಕಿ ಸಾಕು," ಎಂದರು ಅರ್ಪಿತ.

"ನೀವ್ ಹೇಳಿರ್ತೀರಿ ಮೇಡಂ. ಕೊನೇಲಿ ಏನಂತ ಬರ್ದಿದೆ ನೋಡಿ: ಓದಿ ಹೇಳಿ, ಅರ್ಥ ಮಾಡಿಸಿ, ನನ್ನ ಸಮಕ್ಷಮ. ನನ್ನ ಸಮಕ್ಷಮ ಅಂತ ನಾನ್ ಸೀಲ್ ಹಾಕೋದು."

ಅವರು ಒಂದೊಂದು ಪ್ಯಾರಾವನ್ನೂ ಇಂಗ್ಲಿಷಿನಲ್ಲಿ ಓದಿ, ನಿಧಾನವಾಗಿ ಕನ್ನಡದಲ್ಲಿ ಹೇಳಿದರು. ಬೋಟಿನ ಹೆಸರು. ಹೊರಟ ದಿನ. ಡೀಸೆಲ್. ಕಮಲಾದೇವಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಮಹೇಶ್ ಎದ್ದು ನಿಂತು, ಮತ್ತೆ ಕೂತರು. ಏಳನೇ ಪ್ಯಾರಾ ಬಂತು.

"ಸದರಿ ಶರಣ್ ಎಂಬುವರು ಆ ದಿನ ಶನಿವಾರವಾದ್ದರಿಂದ ಉಪವಾಸವಿದ್ದು, ಮಧ್ಯಾಹ್ನದ ಊಟ ಮಾಡಿರುವುದಿಲ್ಲ. ಊಟದ ಹೊತ್ತಿನಲ್ಲಿ ಬೋಟಿನ ಮುಂಭಾಗದಲ್ಲಿ ಒಬ್ಬರೇ ಇದ್ದರು. ನಾನು ಊಟ ಮಾಡಿದವರ ತಟ್ಟೆಗಳನ್ನು ಮಾತ್ರ ಎಣಿಸಿದ್ದರಿಂದ ಒಂಬತ್ತು ಎಂದು ಹೇಳಿರುತ್ತೇನೆ."

ಕಮಲಾದೇವಿ ಹೂಂ ಎನ್ನಲಿಲ್ಲ. ರಸ್ತೆಯಲ್ಲಿ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಕಂಡಕ್ಟರ್ ಅದರ ಬೆನ್ನಿಗೆ ಬಡಿಯುತ್ತಿದ್ದ.

"ಇನ್ನೊಂದ್ಸಲ ಓದಿ," ಎಂದರು.

ಗಂಗಯ್ಯ ಮಹೇಶ್‌ರ ಮುಖ ನೋಡಿದರು. ಆಮೇಲೆ ಮತ್ತೊಮ್ಮೆ ಓದಿದರು, ಈ ಸಲ ಕನ್ನಡದಲ್ಲಿ ಮಾತ್ರ.

"ನೀರಾದ್ರೂ ಕುಡಿದಿದ್ನಾ?" ಎಂದು ಕಮಲಾದೇವಿ ಮಹೇಶ್ ಕಡೆ ತಿರುಗದೆ ಕೇಳಿದರು.

"ನಿಂಬೆಹಣ್ಣಿನ ನೀರು ಕೊಟ್ಟಿದ್ದೆ ಅಮ್ಮ. ಹನ್ನೊಂದು ಗಂಟೆಗೆ."

"ಲೋಟದಲ್ಲಾ?"

"ಹೂಂ. ಲೋಟದಲ್ಲಿ."

"ಲೋಟ ಎಣಿಸ್ಲಿಲ್ವಾ ನೀನು?"

"ಲೋಟ ಎಣಿಸೋ ಅಭ್ಯಾಸ ಇರ್ಲಿಲ್ಲಮ್ಮ."

ಅವರು ಪೆನ್ನು ತೆಗೆದುಕೊಂಡು, ಗಂಗಯ್ಯ ತೋರಿಸಿದ ಜಾಗದಲ್ಲಿ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು. ಎದ್ದು ಸೆರಗು ಸರಿಮಾಡಿಕೊಂಡು, ಅರ್ಪಿತಗೂ ಕಾಯದೆ ಬಸ್ ಸ್ಟಾಪಿನ ಕಡೆ ನಡೆದರು.

ನಾಲ್ಕು ತಿಂಗಳಿಗೆ ಉತ್ತರ ಬಂತು. ಮುಂಬೈ ಕಚೇರಿ ಪ್ರಮಾಣಪತ್ರವನ್ನು ಬೋಟು ನೋಂದಣಿಯಾಗಿ ಬಾವುಟ ಹಾರಿಸುತ್ತಿದ್ದ ದೇಶಕ್ಕೆ ಕಳಿಸಿತ್ತು. ಆ ದೇಶ ಸೈನ್ಯವನ್ನು ಕೇಳಿತ್ತು. ಸೈನ್ಯದ ಉತ್ತರ ಎರಡು ಸಾಲು. ಘಟನೆಯ ಹೊತ್ತಿನಲ್ಲಿ ಇದೇ ವ್ಯಕ್ತಿ ಸ್ವತಃ ಕೊಟ್ಟ ಸಂಖ್ಯೆ ಲಾಗ್ ಪುಸ್ತಕದಲ್ಲಿದೆ, ಎರಡು ಸಲ ಕೇಳಿ ಖಚಿತಪಡಿಸಿಕೊಳ್ಳಲಾಗಿದೆ. ನಂತರದ ಹೇಳಿಕೆಯಿಂದ ಅದನ್ನು ಬದಲಿಸಲು ಬರುವುದಿಲ್ಲ. ಮುಂಬೈಯವರು ಇದನ್ನು ಮುಂದಕ್ಕೆ ಕಳಿಸಿ, ಕಡತವನ್ನು ಮುಕ್ತಾಯಗೊಳಿಸಲಾಗಿದೆ ಎಂದು ಸೇರಿಸಿದ್ದರು. ಮೇಲ್ಮನವಿಗೆ ಜಾಗವಿದೆಯೇ ಎಂದು ಮಹೇಶ್ ಇಬ್ಬರು ವಕೀಲರನ್ನು ಕೇಳಿದರು. ಒಬ್ಬರು ಇಲ್ಲ ಎಂದರು. ಇನ್ನೊಬ್ಬರು ಯಾವ ದೇಶದ ಕೋರ್ಟಿನಲ್ಲಿ ಎಂದು ಕೇಳಿದರು.

ಆ ಕಾಗದ ಹಿಡಿದು ಅವರು ವಸಂತಪುರಕ್ಕೆ ಹೋದದ್ದು ಮಧ್ಯಾಹ್ನದ ಊಟ ಬಡಿಸಿ ಮುಗಿಸಿದ ಮೇಲೆ. ಶನಿವಾರ. ಬಾಗಿಲು ತೆಗೆದವರು ಅರ್ಪಿತ. ಒಳಗೆ ಕಮಲಾದೇವಿ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಅನ್ನ, ಸೊಪ್ಪಿನ ಸಾರು.

ಮಹೇಶ್ ಹೊಸಿಲಲ್ಲೇ ನಿಂತರು. ಅರ್ಪಿತ ದನಿ ತಗ್ಗಿಸಿ ಹೇಳಿದರು: "ಸೀಲ್ ಹಾಕ್ಸಿದ್ ವಾರದಿಂದ ಹಿಂಗೇ. ದೇವಸ್ಥಾನಕ್ಕೂ ಹೋಗಲ್ಲ. ಶನಿವಾರ ಆದ್ರೆ ಹನ್ನೆರಡಕ್ಕೇ ಉಣ್ತಾರೆ. ಇವತ್ತು ಬರ್ತೀನಿ ಅಂತ ಫೋನ್ ಮಾಡಿದ್ರಲ್ಲ, ನಿಮಗೆ ಅಂತ ಕಾದಿದಾರೆ."

"ಒಳಗ್ ಬಾ ಮಹೇಶ. ಕೂತ್ಕೋ," ಎಂದರು ಕಮಲಾದೇವಿ. ಅರ್ಪಿತ ಇನ್ನೆರಡು ತಟ್ಟೆ ತಂದಿಟ್ಟು ತಾವೂ ಕೂತರು. ಕಮಲಾದೇವಿ ಎಡಗೈಯಲ್ಲಿ ಅನ್ನದ ಪಾತ್ರೆ ಎಳೆದುಕೊಂಡು ತಾವೇ ಬಡಿಸಿದರು. ಮೆಸ್‌ನಲ್ಲಿ ಉಂಡಾಗಿತ್ತು. ಮಹೇಶ್ ಅದನ್ನು ಹೇಳಲಿಲ್ಲ.

"ಎಷ್ಟಂತೆ?"

"ಒಂಬತ್ತೇ ಅಂತೆ ಅಮ್ಮ. ಬದಲಾಯಿಸಲ್ವಂತೆ."

ಅವರು ಸಾರಿನ ಸೌಟು ಮಹೇಶ್‌ರ ತಟ್ಟೆಗೆ ಬಗ್ಗಿಸಿದರು.

"ಹೋದ್ ವರ್ಷ ಆ ಒಂಬತ್ತು ಕೇಳಿದ್ರೆ ನಂಗೆ ಸಮಾಧಾನ ಆಗೋದು," ಎಂದರು. "ಉಣ್ಣು. ಆರೋಗುತ್ತೆ."

ಮೂವರೂ ಉಂಡರು. ಊಟವಾದ ಮೇಲೆ ಮಹೇಶ್ ಅಭ್ಯಾಸಬಲದಿಂದ ಎದ್ದು, ತಮ್ಮ ತಟ್ಟೆಯ ಮೇಲೆ ಕಮಲಾದೇವಿಯವರ ತಟ್ಟೆ ಇಟ್ಟು, ಅರ್ಪಿತರ ತಟ್ಟೆಗೆ ಕೈ ಚಾಚಿದರು.

"ಇಡು ಅಲ್ಲಿ," ಎಂದರು ಕಮಲಾದೇವಿ. "ನೀನು ಮುಟ್ಟಬೇಡ. ಈ ಮನೇಲಿ ತಟ್ಟೆ ಎಣಿಸೋದು ಬೇಡ."

ಮಹೇಶ್ ತಟ್ಟೆಗಳನ್ನು ಇದ್ದಲ್ಲೇ ಇಟ್ಟರು. ಕೈ ತೊಳೆದುಕೊಂಡು, ಕಾಗದವನ್ನು ಟಿವಿಯ ಪಕ್ಕ ಬಿಟ್ಟು ಹೊರಟರು. ಸಂಜೆಯ ಅಡುಗೆಗೆ ನಾಲ್ಕೂವರೆಗೆ ಬಿಟಿಎಂನಲ್ಲಿರಬೇಕಿತ್ತು.